ಅನೋವಾದಲ್ಲಿ ವ್ಯತ್ಯಾಸ ಇದೆ, ರಿಗ್ರೆಷನ್‌ನಲ್ಲಿ ಇಲ್ಲ. ಒಂದೇ ಡೇಟಾಗೆ ಮೂರು ಉತ್ತರ ಹೇಗೆ?

ಗೊಂದಲರಾಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಂಖ್ಯಾಶಾಸ್ತ್ರ ನಾನು ಓದಿದ ವಿಷಯ ಅಲ್ಲ. ಕೆಲಸಕ್ಕೆ ಬೇಕು ಅಂತ ಈಗ ಕಲಿಯುತ್ತಿದ್ದೇನೆ. ಪ್ರಶ್ನೆ ತೀರಾ ಎಳಸು ಅನಿಸಿದರೆ ಬಯ್ಯಬೇಡಿ.

ಅನೋವಾ ಕಲಿತಿದ್ದು ಒಂದು ಕಡೆ, ಲೀನಿಯರ್ ರಿಗ್ರೆಷನ್ ಕಲಿತಿದ್ದು ಇನ್ನೊಂದು ಕಡೆ. ಅಲ್ಲಿ ಗುಂಪುಗಳ ಸರಾಸರಿ ಹೋಲಿಸುತ್ತಿದ್ದೆ, ಇಲ್ಲಿ ಚುಕ್ಕೆಗಳ ನಡುವೆ ಗೆರೆ ಎಳೆಯುತ್ತಿದ್ದೆ. ಒಂದಕ್ಕೂ ಇನ್ನೊಂದಕ್ಕೂ ನಂಟಿದೆ ಅಂತ ಅನಿಸಿರಲೇ ಇಲ್ಲ. ಮೊನ್ನೆ ಒಬ್ಬರು "ಎರಡೂ ಒಂದೇ ರೀ, ಹೆಸರು ಬೇರೆ ಅಷ್ಟೇ" ಅಂದು ಎದ್ದು ಹೋದರು. ಅವರ ಜೊತೆ ನನ್ನ ನಿದ್ದೆಯೂ ಹೋಯಿತು.

ನೋಡಿಯೇ ಬಿಡೋಣ ಅಂತ ಆರ್ ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಜೊತೆ ಬರುವ ಪ್ಲಾಂಟ್‌ಗ್ರೋತ್ ಡೇಟಾ ತೆಗೆದುಕೊಂಡೆ. ಅದರಲ್ಲಿ 30 ಗಿಡಗಳಿವೆ, ತಲಾ ಹತ್ತರಂತೆ ಮೂರು ಗುಂಪು. ಒಂದು ಕಂಟ್ರೋಲ್ (ಹೋಲಿಕೆಗೆ ಇಟ್ಟದ್ದು), ಉಳಿದ ಎರಡು ಬೇರೆ ಬೇರೆ ಟ್ರೀಟ್‌ಮೆಂಟ್. ಅಳೆದಿರುವುದು ಒಣಗಿಸಿದ ಗಿಡದ ತೂಕ. ಸರಾಸರಿಗಳು ಕ್ರಮವಾಗಿ 5.032, 4.661, 5.526.

ಮೊದಲು ಅನೋವಾ ಮಾಡಿದೆ. ಎಫ್ 4.846 ಬಂತು, ಪಿ-ವ್ಯಾಲ್ಯೂ (ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ; 0.05ರ ಕೆಳಗಿದ್ದರೆ ವ್ಯತ್ಯಾಸ ಇದೆ ಅನ್ನುವುದು ರೂಢಿ) 0.016. ಸರಿ, ಗುಂಪುಗಳ ನಡುವೆ ವ್ಯತ್ಯಾಸ ಇದೆ ಅಂತಾಯಿತು. ಆಮೇಲೆ ಗುಂಪುಗಳಿಗೆ 1, 2, 3 ಅಂತ ನಂಬರ್ ಕೊಟ್ಟು ರಿಗ್ರೆಷನ್ ಮಾಡಿದೆ. ಎಫ್ 2.62ಕ್ಕೆ ಇಳಿಯಿತು, ಪಿ 0.1 ದಾಟಿತು. ವ್ಯತ್ಯಾಸ ಮಾಯ! ಎಲ್ಲೋ ಎಡವಿದೆ ಅನಿಸಿ, ನಂಬರ್ ತೆಗೆದು ಗುಂಪಿನ ಹೆಸರನ್ನೇ ಕೊಟ್ಟು ಇನ್ನೊಮ್ಮೆ ರಿಗ್ರೆಷನ್ ಓಡಿಸಿದೆ. ಈ ಸಲ ಇಂಟರ್‌ಸೆಪ್ಟ್ ಬಿಟ್ಟು ಎರಡು ಸಾಲು ಬಂದವು. ಮೊದಲ ಟ್ರೀಟ್‌ಮೆಂಟ್‌ಗೆ −0.371, ಅದರ ಪಿ 0.194. ಎರಡನೆಯದಕ್ಕೆ 0.494, ಅದರ ಪಿ 0.088. ಎರಡರಲ್ಲಿ ಒಂದೂ 0.05ರ ಕೆಳಗೆ ಇಲ್ಲ.

ಎರಡೂ ಒಂದೇ ಆಗಿದ್ದರೆ ಅನೋವಾಗೆ ಕಂಡ ವ್ಯತ್ಯಾಸ ರಿಗ್ರೆಷನ್‌ಗೆ ಯಾಕೆ ಕಾಣಲಿಲ್ಲ? ಕೊನೆಯ ಪರದೆಯ ಅಡಿಯಲ್ಲಿ ಸಣ್ಣದಾಗಿ ಮತ್ತೆ ಅದೇ 4.846 ಇದೆ ಅನ್ನುವುದು ಇನ್ನೂ ತಲೆ ಕೆಡಿಸುತ್ತಿದೆ. ಮೇಲೆ "ಇಲ್ಲ", ಕೆಳಗೆ "ಇದೆ". ಯಾವುದನ್ನು ನಂಬಲಿ?

ಹಳೇಪೆನ್ಸಿಲ್ ಬರೆದದ್ದು:

ಎದ್ದು ಹೋದವರು ಹೇಳಿದ್ದು ನಿಜ. ಆದರೆ ಹಾಗೆ ಹೇಳಿ ಎದ್ದು ಹೋಗಬಾರದಿತ್ತು. ಸ್ವಲ್ಪ ಹೊತ್ತು ಕಂಪ್ಯೂಟರ್ ಪಕ್ಕಕ್ಕಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. 30 ಗಿಡ ಬೇಡ, ಒಂಬತ್ತು ಸಂಖ್ಯೆ ಸಾಕು. ನಾನೂ ಹೀಗೆ ಕೈಯಲ್ಲಿ ಲೆಕ್ಕ ಹಾಕಿದ ದಿನವೇ ಇದು ಅರ್ಥವಾಗಿದ್ದು, ಅಲ್ಲಿಯವರೆಗೆ ಸುಮ್ನೆ ತಲೆ ಆಡಿಸುತ್ತಿದ್ದೆ.

ಎ ಗುಂಪು: 3, 4, 5
ಬಿ ಗುಂಪು: 8, 9, 10
ಸಿ ಗುಂಪು: 4, 5, 6

ಸರಾಸರಿಗಳು 4, 9, 5. ಒಂಬತ್ತೂ ಸೇರಿದರೆ ಸರಾಸರಿ 6.

ಈಗ ಒಂದು ಆಟ ಆಡೋಣ. ನಾನು ಈ ಒಂಬತ್ತರಲ್ಲಿ ಒಂದನ್ನು ಮುಚ್ಚಿಟ್ಟುಕೊಂಡಿದ್ದೇನೆ, ಊಹಿಸಿ. ಯಾವ ಗುಂಪಿನದು ಅಂತ ಹೇಳುವುದಿಲ್ಲ. ನೀವು 6 ಅನ್ನುವುದೇ ಕ್ಷೇಮ. ಪ್ರತಿ ಸಂಖ್ಯೆಗೂ ನಿಮ್ಮ ಊಹೆ ಎಷ್ಟು ತಪ್ಪಿತು ನೋಡಿ, ಅದರ ವರ್ಗ ಮಾಡಿ, ಎಲ್ಲ ಕೂಡಿಸಿ. 48 ಬರುತ್ತದೆ. ಎರಡನೇ ಸುತ್ತಿನಲ್ಲಿ ಗುಂಪು ಯಾವುದು ಅಂತ ಮೊದಲೇ ಹೇಳುತ್ತೇನೆ. ಈಗ ನೀವು ಆ ಗುಂಪಿನ ಸರಾಸರಿಯನ್ನೇ ಹೇಳುತ್ತೀರಿ. ತಪ್ಪಿನ ವರ್ಗಗಳ ಮೊತ್ತ 6ಕ್ಕೆ ಇಳಿಯುತ್ತದೆ, ಗುಂಪಿಗೆ 2ರಂತೆ. ಅಂದರೆ ಗುಂಪು ಗೊತ್ತಾಗಿದ್ದರಿಂದ 48ರಲ್ಲಿ 42 ಉಳಿತಾಯ ಆಯಿತು.

ಅನೋವಾ ಕೋಷ್ಟಕದಲ್ಲಿ "ಗುಂಪುಗಳ ನಡುವೆ" ಅಂತ ಬರುವುದು ಈ 42. "ಗುಂಪುಗಳ ಒಳಗೆ" ಅಂತ ಬರುವುದು ಈ 6. ಎಫ್ ಅಂದರೆ ಉಳಿತಾಯಕ್ಕೂ ಉಳಿದ ತಪ್ಪಿಗೂ ಇರುವ ಅನುಪಾತ, ತಲಾ ಲೆಕ್ಕದಲ್ಲಿ. ಮೂರು ಸರಾಸರಿ ಬಳಸಿದಿರಿ, ಮೊದಲು ಒಂದೇ ಇತ್ತು, ಹೆಚ್ಚಿಗೆ ಖರ್ಚಾಗಿದ್ದು 2. ಹಾಗಾಗಿ 42 ಭಾಗಿಸು 2, ಅಂದರೆ 21. ಒಂಬತ್ತು ಸಂಖ್ಯೆಯಲ್ಲಿ ಮೂರು ಸರಾಸರಿಗೆ ಹೋದರೆ ಉಳಿದಿದ್ದು 6, ಹಾಗಾಗಿ 6 ಭಾಗಿಸು 6, ಅಂದರೆ 1. ಎಫ್ 21.

ಇನ್ನು ರಿಗ್ರೆಷನ್. ರಿಗ್ರೆಷನ್‌ಗೆ "ಎ, ಬಿ, ಸಿ" ಅರ್ಥವಾಗುವುದಿಲ್ಲ, ಸಂಖ್ಯೆ ಬೇಕು. ಅದಕ್ಕೆ ಎರಡು ಕಾಲಂ ಮಾಡುತ್ತೇವೆ. ಮೊದಲ ಕಾಲಂನಲ್ಲಿ ಬಿ ಗುಂಪಿನವರಿಗೆ 1, ಉಳಿದವರಿಗೆ 0. ಎರಡನೆಯದರಲ್ಲಿ ಸಿ ಗುಂಪಿನವರಿಗೆ 1, ಉಳಿದವರಿಗೆ 0. ಎ ಗುಂಪಿಗೆ ಬೇರೆ ಕಾಲಂ ಬೇಡ, ಎರಡರಲ್ಲೂ 0 ಇದ್ದರೆ ಅದು ಎ ಅಂತಲೇ ಅರ್ಥ. ಇವನ್ನೇ ಡಮ್ಮಿ ವೇರಿಯಬಲ್ ಅನ್ನುವುದು. ಗುಂಪಿನ ಹೆಸರು ಕೊಟ್ಟಾಗ ಆರ್ ನಿಮಗೆ ಹೇಳದೆ ಕೇಳದೆ ಒಳಗೆ ಇದನ್ನೇ ಮಾಡಿದ್ದು.

ಈಗ ರಿಗ್ರೆಷನ್ ಬಳಸುವ ಲೀಸ್ಟ್ ಸ್ಕ್ವೇರ್ಸ್ ವಿಧಾನದ ಕೆಲಸ ಏನು? ತಪ್ಪಿನ ವರ್ಗಗಳ ಮೊತ್ತ ಆದಷ್ಟು ಕಡಿಮೆ ಮಾಡುವುದು. ಅದರ ಕೈಯಲ್ಲಿ ಮೂರು ತಿರುಪು ಇವೆ: ಇಂಟರ್‌ಸೆಪ್ಟ್ (ಎಲ್ಲ ಕಾಲಂನಲ್ಲೂ 0 ಇದ್ದಾಗಿನ ಅಂದಾಜು) ಒಂದು, ಕಾಲಂಗೆ ಒಂದರಂತೆ ಗುಣಿಸುವ ಕೋಎಫಿಶಿಯಂಟ್ ಎರಡು. ಈ ಮೂರರಲ್ಲಿ ಅದು ಮೂರು ಗುಂಪಿಗೂ ಬೇಕಾದ ಅಂದಾಜನ್ನು ಬೇರೆ ಬೇರೆಯಾಗಿ ಕೂರಿಸಬಹುದು. ಒಂದು ಗುಂಪಿನೊಳಗೆ ವರ್ಗಗಳ ಮೊತ್ತ ಅತಿ ಕಡಿಮೆ ಆಗುವುದು ಎಲ್ಲಿ? ಅದರ ಸರಾಸರಿಯಲ್ಲಿ. ಹಾಗಾಗಿ ಅದು ಬೇರೆ ಎಲ್ಲಿಗೂ ಹೋಗುವುದಿಲ್ಲ. ಉತ್ತರ ಹೀಗೆ ಬರುತ್ತದೆ: ಅಂದಾಜು = 4 + 5 × ಬಿ + 1 × ಸಿ. ಎ ಗುಂಪಿಗೆ 4, ಬಿ ಗುಂಪಿಗೆ 4 + 5 = 9, ಸಿ ಗುಂಪಿಗೆ 4 + 1 = 5. ಅದೇ ಮೂರು ಸರಾಸರಿ, ಅದೇ ಉಳಿಕೆ 6, ಅದೇ ಉಳಿತಾಯ 42, ಅದೇ ಎಫ್ 21. ರಿಗ್ರೆಷನ್‌ನವರು ಇದನ್ನೇ 42 ಭಾಗಿಸು 48 ಅಂತ ಮಾಡಿ, ಆರ್-ಸ್ಕ್ವೇರ್ಡ್ 0.875 ಅನ್ನುತ್ತಾರೆ. ಸುದ್ದಿ ಒಂದೇ, ಪತ್ರಿಕೆ ಎರಡು.

(ಅಡ್ಡ ಮಾತು: ಗುಂಪು ಸರಿಯಾಗಿ ಮೂರು ಇದ್ದರೆ ಪಿ-ವ್ಯಾಲ್ಯೂ ಕೈಯಲ್ಲೇ ಸಿಗುತ್ತದೆ. 1ರಿಂದ ಆರ್-ಸ್ಕ್ವೇರ್ಡ್ ಕಳೆಯಿರಿ, ಉಳಿಕೆಯ ಡಿಗ್ರೀಸ್ ಆಫ್ ಫ್ರೀಡಂ (ಒಂಬತ್ತರಲ್ಲಿ ಮೂರು ಹೋಗಿ ಉಳಿದ ಆ 6) ಇದರ ಅರ್ಧ ಎಷ್ಟೋ ಅಷ್ಟು ಸಲ ಅದನ್ನೇ ಗುಣಿಸಿ. ಇಲ್ಲಿ 0.125 ಅನ್ನು 3 ಸಲ ಗುಣಿಸಿದರೆ 1/512, ಸುಮಾರು 0.002. ಟೇಬಲ್ ಬೇಕಾಗಿಲ್ಲ. ನನಗೆ ಇದು ಇವತ್ತಿಗೂ ಖುಷಿ ಕೊಡುತ್ತದೆ.)

ಇನ್ನು ನಿಮ್ಮ 1, 2, 3 ಕಥೆ. ಅದನ್ನು ಈ ಒಂಬತ್ತು ಸಂಖ್ಯೆಗೆ ಮಾಡಿ ನೋಡಿ. ಎ 1, ಬಿ 2, ಸಿ 3. ನೇರ ಗೆರೆಯ ಇಳಿಜಾರು 0.5 ಬರುತ್ತದೆ, ಅಂದಾಜುಗಳು 5.5, 6, 6.5. ನಿಜವಾದ ಸರಾಸರಿ 4, 9, 5! ಮಧ್ಯದ ಗುಂಪು ಗೋಪುರದ ಹಾಗೆ ನಿಂತಿದೆ, ಗೆರೆ ಅದರ ಕಾಲ ಹತ್ತಿರ ನುಸುಳಿ ಹೋಗುತ್ತದೆ. ಉಳಿತಾಯ 48ರಲ್ಲಿ ಬರೀ 1.5. ಎಫ್ 21 ಇದ್ದದ್ದು 0.23 ಆಗುತ್ತದೆ. ಯಾಕೆಂದರೆ ನೀವು "ಗುಂಪುಗಳ ನಡುವೆ ವ್ಯತ್ಯಾಸ ಇದೆಯಾ" ಅಂತ ಕೇಳಲಿಲ್ಲ. "ಎ-ಯಿಂದ ಬಿ-ಗೆ ಎಷ್ಟು ಏರುತ್ತದೋ ಬಿ-ಯಿಂದ ಸಿ-ಗೂ ಅಷ್ಟೇ ಏರುತ್ತದೆ ಅಂತ ಇಟ್ಟುಕೊಂಡರೆ, ಅಂಥ ಏರಿಕೆ ಏನಾದರೂ ಕಾಣುತ್ತಾ" ಅಂತ ಕೇಳಿದಿರಿ. ಅದಕ್ಕೆ ಅದು ಪ್ರಾಮಾಣಿಕವಾಗಿ ಇಲ್ಲ ಅಂದಿತು. ನಿಮ್ಮ ಗಿಡಗಳಲ್ಲೂ ಆಗಿದ್ದು ಇದೇ, ಅಲ್ಲಿ ಮಧ್ಯದ ಗುಂಪು ಹಳ್ಳದಲ್ಲಿದೆ ಅಷ್ಟೇ.

ಗೊಂದಲರಾಯ ಬರೆದದ್ದು:

ಹಾಳೆ ಮೇಲೆ ಮಾಡಿದೆ. 48, 6, 42 ಎಲ್ಲ ಬಂತು. ಆ 1/512 ನೋಡಿ ನಿಜಕ್ಕೂ ನಕ್ಕೆ. ನನ್ನ ಗಿಡಗಳ ಆರ್-ಸ್ಕ್ವೇರ್ಡ್ 0.2641, ಉಳಿಕೆಯ ಡಿಗ್ರೀಸ್ ಆಫ್ ಫ್ರೀಡಂ 27, ಅಂದರೆ 0.7359 ಅನ್ನು 13.5 ಘಾತಕ್ಕೆ ಏರಿಸಿದೆ (ಅರ್ಧ ಸಲ ಗುಣಿಸುವುದು ಹೇಗೆ ಅಂತ ಕ್ಯಾಲ್ಕುಲೇಟರ್‌ಗೆ ಬಿಟ್ಟೆ), 0.0159 ಬಂತು.

1, 2, 3 ತಪ್ಪು ಅರ್ಥವಾಯಿತು. ಆದರೆ ಗುಂಪುಗಳು ನಿಜವಾಗಿಯೂ ಒಂದು ಕ್ರಮದಲ್ಲಿ ಇದ್ದರೆ? ಔಷಧಿ 1 ಮಿಲಿಗ್ರಾಂ, 2 ಮಿಲಿಗ್ರಾಂ, 3 ಮಿಲಿಗ್ರಾಂ, ಆ ಥರ. ಆಗಲೂ ತಪ್ಪೇನಾ?

ಮತ್ತೆ ನನ್ನ ಮುಖ್ಯ ಪ್ರಶ್ನೆ ಹಾಗೇ ನಿಂತಿದೆ. ಡಮ್ಮಿ ಹಾಕಿದ ರಿಗ್ರೆಷನ್ ಸರಿಯಾಗಿದೆ, ಎಫ್ ಕೂಡ ಒಂದೇ. ಆದರೂ ಎರಡು ಕೋಎಫಿಶಿಯಂಟ್‌ಗಳಲ್ಲಿ ಒಂದೂ ಸಿಗ್ನಿಫಿಕಂಟ್ ಅಲ್ಲ, ಅಂದರೆ ಪಿ 0.05ರ ಕೆಳಗೆ ಇಲ್ಲ. ಯಾರೂ ಕದ್ದಿಲ್ಲ, ಆದರೆ ಮನೆಯಲ್ಲಿ ಕಳ್ಳತನ ಆಗಿದೆ ಅನ್ನುವ ಹಾಗಾಯಿತಲ್ಲ?

ಹಳೇಪೆನ್ಸಿಲ್ ಬರೆದದ್ದು:

ಡೋಸ್ ಆದರೆ ತಪ್ಪಲ್ಲ. ಆಗ ಗೆರೆ ಎಳೆಯುವುದಕ್ಕೆ ಅರ್ಥ ಇದೆ. ಅದರ ಜೊತೆ ಡೋಸ್‌ನ ವರ್ಗವನ್ನೂ ಒಂದು ಕಾಲಂ ಆಗಿ ಸೇರಿಸಿದರೆ ಮತ್ತೆ ಮೂರು ತಿರುಪು ಆಯಿತು, ಮೂರು ಸರಾಸರಿಯನ್ನೂ ಮುಟ್ಟಬಹುದು, ಎಫ್ ವಾಪಸ್ 21 ಬರುತ್ತದೆ. ನಮ್ಮ 42 ಆಗ ಎರಡು ಹೋಳಾಗುತ್ತದೆ: ನೇರ ಗೆರೆಯದು 1.5, ಬಾಗಿದ್ದರಿಂದ ಬಂದದ್ದು 40.5. ಅನೋವಾ ಒಟ್ಟು 42 ಅಂತ ಹೇಳಿ ಸುಮ್ಮನಾಗುತ್ತದೆ. ನೀವು ಬಿಡಿಸಿ ಕೇಳಿದರೆ ಯಾವ ಆಕಾರದಲ್ಲಿ ಏರಿಳಿಯಿತು ಅನ್ನುವುದೂ ಸಿಗುತ್ತದೆ.

ಕಳ್ಳತನದ ಪ್ರಶ್ನೆಗೆ ಯಾರಾದರೂ ಉತ್ತರಿಸಿ, ನನ್ನ ಕೈ ನೋಯುತ್ತಿದೆ.

ನೆರಳುಬೆಳಕು ಬರೆದದ್ದು:

ಕಳ್ಳ ಇದ್ದಾನೆ, ನೀವು ಆ ಬಾಗಿಲು ತಟ್ಟಲಿಲ್ಲ ಅಷ್ಟೇ.

ಆ ಪರದೆಯ ಎರಡು ಸಾಲು ಏನು ಹೇಳುತ್ತಿವೆ ಅಂತ ನಿಧಾನವಾಗಿ ಓದಿ. −0.371 ಅಂದರೆ 4.661ರಿಂದ 5.032 ಕಳೆದದ್ದು: ಮೊದಲ ಟ್ರೀಟ್‌ಮೆಂಟ್‌ಗೂ ಕಂಟ್ರೋಲ್‌ಗೂ ಇರುವ ಅಂತರ. 0.494 ಅಂದರೆ ಎರಡನೇ ಟ್ರೀಟ್‌ಮೆಂಟ್‌ಗೂ ಕಂಟ್ರೋಲ್‌ಗೂ ಇರುವ ಅಂತರ. ಎರಡೂ ಹೋಲಿಕೆ ಕಂಟ್ರೋಲ್ ಜೊತೆಗೇ. ಆದರೆ ಸರಾಸರಿಗಳನ್ನು ಒಂದು ಗೆರೆಯ ಮೇಲೆ ಇಟ್ಟು ನೋಡಿ. ಕೆಳಗೆ 4.661, ಮೇಲೆ 5.526, ಕಂಟ್ರೋಲ್ ನಡುವೆ ನಿಂತಿದೆ. ನಡುವೆ ನಿಂತವರಿಂದ ಅಳೆದರೆ ಯಾರೂ ಬಹಳ ದೂರ ಇರುವುದಿಲ್ಲ. ದೊಡ್ಡ ಅಂತರ ಇರುವುದು ಎರಡು ಟ್ರೀಟ್‌ಮೆಂಟ್‌ಗಳ ನಡುವೆ, 0.865. ಆ ಸಾಲು ನಿಮ್ಮ ಪರದೆಯಲ್ಲಿ ಇಲ್ಲವೇ ಇಲ್ಲ!

ಬೇಸ್‌ಲೈನ್ (ಉಳಿದವನ್ನು ಯಾವುದಕ್ಕೆ ಹೋಲಿಸುತ್ತೇವೋ ಆ ಗುಂಪು) ಬದಲಿಸಿ, ಕಂಟ್ರೋಲ್ ಬದಲು ಮೊದಲ ಟ್ರೀಟ್‌ಮೆಂಟ್ ಇಡಿ. ಆರ್‌ನಲ್ಲಿ ಅದಕ್ಕೆ ರಿಲೆವೆಲ್ ಅನ್ನುವ ಫಂಕ್ಷನ್ ಇದೆ. ಆಗ ಎರಡನೇ ಟ್ರೀಟ್‌ಮೆಂಟ್‌ನ ಸಾಲಿನಲ್ಲಿ 0.865 ಬರುತ್ತದೆ, ಸ್ಟ್ಯಾಂಡರ್ಡ್ ಎರರ್ (ಆ ಅಂದಾಜು ಎಷ್ಟು ಅಲುಗಾಡಬಹುದು ಅನ್ನುವ ಅಳತೆ) ಮೊದಲಿನ ಪರದೆಯಲ್ಲಿದ್ದ ಅದೇ 0.2788, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಟಿ 3.10, ಪಿ 0.005ಕ್ಕಿಂತ ಕಡಿಮೆ. ಮಾಡೆಲ್ ಬದಲಾಗಲಿಲ್ಲ, ಒಂದೇ ಒಂದು ಗಿಡದ ಅಂದಾಜೂ ಬದಲಾಗಲಿಲ್ಲ, ಎಫ್ ಅದೇ 4.846. ನೀವು ಎಲ್ಲಿ ನಿಂತು ನೋಡುತ್ತೀರಿ ಅನ್ನುವುದು ಮಾತ್ರ ಬದಲಾಯಿತು. ಎಫ್‌ಗೆ ಬೇಸ್‌ಲೈನ್ ಯಾವುದಾದರೂ ಒಂದೇ, ಅದು ಎಲ್ಲ ಗುಂಪನ್ನೂ ಒಟ್ಟಿಗೆ ನೋಡುತ್ತದೆ.

ಆದರೆ ಒಂದು ಎಚ್ಚರಿಕೆ. ಫಲಿತಾಂಶ ನೋಡಿದ ಮೇಲೆ ಅತಿ ದೊಡ್ಡ ಅಂತರ ಇರುವ ಜೋಡಿಯನ್ನೇ ಹುಡುಕಿ ಅದರ ಪಿ-ವ್ಯಾಲ್ಯೂ ಬರೆದರೆ ಅದು ಮೋಸ. ಮೂರು ಜೋಡಿಗಳಲ್ಲಿ ಚೆನ್ನಾಗಿ ಕಂಡದ್ದನ್ನು ಆರಿಸಿಕೊಂಡಿದ್ದೀರಿ, ಅದಕ್ಕೆ ದಂಡ ಕಟ್ಟಬೇಕು. ಟ್ಯೂಕಿ ವಿಧಾನ ಆ ದಂಡ ಹಾಕುತ್ತದೆ. ಇದೇ ಡೇಟಾಗೆ ಟ್ಯೂಕಿ ಮಾಡಿದರೆ ಎರಡು ಟ್ರೀಟ್‌ಮೆಂಟ್‌ಗಳ ನಡುವಿನ ಪಿ 0.012 ಆಗುತ್ತದೆ, ಕಂಟ್ರೋಲ್ ಜೊತೆಗಿನ ಎರಡು 0.391 ಮತ್ತು 0.198. ಇನ್ನೂ ನಿಲ್ಲುತ್ತದೆ, ಆದರೆ ಮೊದಲಿನಷ್ಟು ಅಬ್ಬರ ಇಲ್ಲ.

ಕಂಟ್ರೋಲ್ ಬೇಸ್‌ಲೈನ್ ಆಗಿದ್ದು ಯಾಕೆ ಅಂತ ಕೇಳಿದರೆ, ಪ್ರಯೋಗದಲ್ಲಿ ಅದಕ್ಕೆ ವಿಶೇಷ ಸ್ಥಾನ ಇದೆ ಅಂತ ಆರ್‌ಗೆ ಗೊತ್ತಿರುವುದರಿಂದ ಅಲ್ಲ. ಲೆವೆಲ್‌ಗಳ (ಗುಂಪಿನ ಹೆಸರುಗಳ) ಸಾಲಿನಲ್ಲಿ ಅದು ಮೊದಲು ಇದೆ, ಅಷ್ಟೇ. ನಾವೇ ಅಕ್ಷರದ ಕಾಲಂ ಕೊಟ್ಟರೆ ಅಕಾರಾದಿಯಾಗಿ ಮೊದಲು ಬಂದದ್ದು ಬೇಸ್‌ಲೈನ್ ಆಗುತ್ತದೆ. ನಾನು ಒಮ್ಮೆ ಇಡೀ ವರದಿಯನ್ನು ತಪ್ಪು ಬೇಸ್‌ಲೈನ್ ಮೇಲೆ ಬರೆದು, ಕಳಿಸುವ ಹಿಂದಿನ ರಾತ್ರಿ ನೋಡಿಕೊಂಡು ಬೆವೆತಿದ್ದೇನೆ.

ತಕರಾರು ಬರೆದದ್ದು:

ಒಂದೇ ಒಂದೇ ಅಂತ ಎಲ್ಲರೂ ಕುಣಿಯುತ್ತಿದ್ದೀರಿ, ಸ್ವಲ್ಪ ತಣ್ಣೀರು ಹಾಕುತ್ತೇನೆ. ಲೆಕ್ಕ ಒಂದೇ, ಒಪ್ಪಿದೆ. ಆದರೆ ಹುಟ್ಟಿದ ಮನೆ ಬೇರೆ. ಆ ಮನೆಯ ವಾಸನೆ ಇನ್ನೂ ಹೋಗಿಲ್ಲ.

ಲೀಸ್ಟ್ ಸ್ಕ್ವೇರ್ಸ್ ಅನ್ನು ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದ್ದು ಧೂಮಕೇತುಗಳ ದಾರಿ ಲೆಕ್ಕ ಹಾಕುವುದಕ್ಕೆ. ರಿಗ್ರೆಷನ್ ಅನ್ನುವ ಹೆಸರು ಬಂದಿದ್ದು ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ ಅವರಿಂದ, ತಂದೆ ತಾಯಿ ಮತ್ತು ಮಕ್ಕಳ ಎತ್ತರ ಹೋಲಿಸಿದ 1886ರ ಬರಹ ಅದರಲ್ಲಿ ಹೆಸರುವಾಸಿ. ಅನೋವಾ ಬೆಳೆದಿದ್ದು ಹೊಲದಲ್ಲಿ. ಸಂಖ್ಯಾಶಾಸ್ತ್ರಜ್ಞ ಫಿಶರ್ 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದರು, ಗೊಬ್ಬರ ಮತ್ತು ಇಳುವರಿಯ ರಾಶಿ ರಾಶಿ ಅಂಕಿಗಳ ಮಧ್ಯೆ ಕೂತು ಇದನ್ನು ಕಟ್ಟಿದರು, 1925ರ ಅವರ ಪುಸ್ತಕದಿಂದ ಅದು ಎಲ್ಲೆಡೆ ಹಬ್ಬಿತು. ಎಫ್ ಅನ್ನುವ ಅಕ್ಷರ ಕೂಡ ಫಿಶರ್ ಅವರ ಗೌರವಕ್ಕೆ ಆಮೇಲೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಸ್ನೆಡೆಕರ್ ಇಟ್ಟದ್ದು.

ಕಂಪ್ಯೂಟರ್ ಇಲ್ಲದ ಕಾಲ ಅದು. ಎರಡು ಮೂರು ವೇರಿಯಬಲ್ ಇರುವ ರಿಗ್ರೆಷನ್‌ಗೇ ಸಮೀಕರಣಗಳ ಗುಂಪನ್ನು ಕೈಯಲ್ಲಿ ಬಿಡಿಸಬೇಕು. ಹತ್ತು ಗೊಬ್ಬರ, ಆರು ತಾಕು ಅಂತಾದರೆ ಡಮ್ಮಿಗಳೇ ಹದಿನಾಲ್ಕು, ಯಾರು ಬಿಡಿಸುತ್ತಾರೆ? ಆದರೆ ಎಲ್ಲ ಗುಂಪಿನಲ್ಲೂ ಒಂದೇ ಎಣಿಕೆ ಇಟ್ಟರೆ ಆ ಸಮೀಕರಣಗಳು ತಾವಾಗಿಯೇ ಬಿಡಿಬಿಡಿಯಾಗುತ್ತವೆ. ಕೂಡು, ವರ್ಗ ಮಾಡು, ಕಳೆ, ಮುಗಿಯಿತು. ಅನೋವಾ ಕೋಷ್ಟಕ ಅನ್ನುವುದು ಆ ಅಡ್ಡದಾರಿ. ಒಂದು ಕಡೆ ಅಡ್ಡದಾರಿ ಕಲಿಸಿದರು, ಇನ್ನೊಂದು ಕಡೆ ಹೆದ್ದಾರಿ ಕಲಿಸಿದರು, ಎರಡೂ ಒಂದೇ ಊರಿಗೆ ಹೋಗುತ್ತವೆ ಅಂತ ಹೇಳುವುದು ಮರೆತರು.

ಈ ಅಡ್ಡದಾರಿ ಕುಸಿಯುವುದು ಗುಂಪುಗಳ ಎಣಿಕೆ ಒಂದೇ ಇಲ್ಲದಾಗ. ನಿಮ್ಮ ಹಾಗೆ ಒಂದೇ ಫ್ಯಾಕ್ಟರ್ (ಗುಂಪು ಮಾಡುವ ಅಂಶ) ಇದ್ದರೆ ಏನೂ ತೊಂದರೆ ಇಲ್ಲ. ಎರಡಿದ್ದರೆ ನೋಡಿ. ಗೊಬ್ಬರ ಒಂದು, ಬೆಳಕು ಒಂದು ಅಂತಿಟ್ಟುಕೊಳ್ಳಿ, ಗೊಬ್ಬರ ಹಾಕಿದ ಗಿಡಗಳಲ್ಲಿ ಬಹುಪಾಲು ಬೆಳಕಿನಲ್ಲೇ ಇವೆ. ಈಗ ಅವು ಚೆನ್ನಾಗಿ ಬೆಳೆದಿದ್ದಕ್ಕೆ ಗೊಬ್ಬರ ಕಾರಣವೋ ಬೆಳಕು ಕಾರಣವೋ? ಒಂದಷ್ಟು ಪಾಲು ಇಬ್ಬರಿಗೂ ಸೇರಿದ ಜಂಟಿ ಖಾತೆಯಲ್ಲಿರುತ್ತದೆ. ಆರ್‌ನ ಅನೋವಾ ಫಂಕ್ಷನ್ ಆ ಜಂಟಿ ಪಾಲನ್ನು ಮೊದಲು ಬರೆದವರಿಗೆ ಕೊಟ್ಟುಬಿಡುತ್ತದೆ. ಗೊಬ್ಬರ ಮೊದಲು ಬರೆದರೆ ಒಂದು ಉತ್ತರ, ಬೆಳಕು ಮೊದಲು ಬರೆದರೆ ಇನ್ನೊಂದು. ಇದು ಟೈಪ್ 1. ಎಸ್‌ಪಿಎಸ್‌ಎಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ತಾನಾಗಿ ಕೊಡುವುದು ಟೈಪ್ 3, ಅದರಲ್ಲಿ ಜಂಟಿ ಪಾಲು ಯಾರಿಗೂ ಇಲ್ಲ. ಒಂದೇ ಡೇಟಾ, ಎರಡು ಸಾಫ್ಟ್‌ವೇರ್, ಎರಡು ಎಫ್. ಆಗ ಜನ ಸಾಫ್ಟ್‌ವೇರ್‌ನಲ್ಲಿ ದೋಷ ಇದೆ ಅಂತ ಜಗಳಕ್ಕೆ ಬರುತ್ತಾರೆ. ರಿಗ್ರೆಷನ್ ಆಗಿ ನೋಡಿದರೆ ಇದರಲ್ಲಿ ಏನೂ ವಿಚಿತ್ರ ಇಲ್ಲ. ಪ್ರತಿ ಎಫ್ ಕೂಡ ಎರಡು ಮಾಡೆಲ್‌ಗಳ ಹೋಲಿಕೆ: ಈ ಕಾಲಂಗಳು ಇಲ್ಲದಾಗ ತಪ್ಪು ಎಷ್ಟಿತ್ತು, ಸೇರಿಸಿದಾಗ ಎಷ್ಟಾಯಿತು. ಯಾವ ಎರಡು ಮಾಡೆಲ್ ಅಂತ ಹೇಳದೆ ಎಫ್ ಮಾತ್ರ ಹೇಳಿದರೆ ಅದಕ್ಕೆ ಅರ್ಥ ಇಲ್ಲ.

ಇನ್ನೊಂದು: ಒಂದೇ ಗಿಡವನ್ನು ನಾಲ್ಕು ವಾರ ನಾಲ್ಕು ಸಲ ಅಳೆದರೆ, ಸಾದಾ ರಿಗ್ರೆಷನ್‌ಗೆ ತಳ್ಳಿ "ಎರಡೂ ಒಂದೇ" ಅನ್ನಬೇಡಿ. ಅಲ್ಲಿ ತಪ್ಪು ಎರಡು ಥರ ಇದೆ, ಗಿಡದಿಂದ ಗಿಡಕ್ಕೆ ಒಂದು, ಅದೇ ಗಿಡದ ಒಳಗೆ ಇನ್ನೊಂದು. ಅದಕ್ಕೆ ಎರಡನ್ನೂ ಬೇರೆ ಬೇರೆ ಲೆಕ್ಕ ಇಡುವ ಮಿಕ್ಸ್‌ಡ್ ಮಾಡೆಲ್ ಬೇಕು.

ನೆರಳುಬೆಳಕು ಬರೆದದ್ದು:

ತಕರಾರು ಅವರ ಹೆಸರಿಗೆ ತಕ್ಕ ಉತ್ತರ, ಆದರೆ ಆ ಎರಡು ಮಾಡೆಲ್‌ಗಳ ಮಾತು ಚಿನ್ನದಂಥದ್ದು. ಅದಕ್ಕೆ ಹೊಂದುವ ಒಂದು ಗುಂಡಿ ತೋರಿಸುತ್ತೇನೆ, ಯಾಕೆಂದರೆ ಗೊಂದಲರಾಯರು ಮುಂದೆ ಬೀಳುವುದು ಅದರಲ್ಲೇ.

ಬೇಸ್‌ಲೈನ್ ಗೋಜೇ ಬೇಡ ಅಂತ ಕೆಲವರು ಇಂಟರ್‌ಸೆಪ್ಟ್ ತೆಗೆದುಬಿಡುತ್ತಾರೆ. ಆಗ ಮೂರು ಗುಂಪಿಗೂ ಒಂದೊಂದು ಡಮ್ಮಿ ಸಿಗುತ್ತದೆ, ಕೋಎಫಿಶಿಯಂಟ್ ಜಾಗದಲ್ಲಿ ನೇರವಾಗಿ 5.032, 4.661, 5.526 ಬರುತ್ತವೆ. ಓದುವುದಕ್ಕೆ ಹಾಯಾಗಿದೆ. ಆದರೆ ಕೆಳಗೆ ನೋಡಿದರೆ ಆರ್-ಸ್ಕ್ವೇರ್ಡ್ 0.2641 ಇದ್ದದ್ದು 0.9867 ಆಗಿದೆ, ಎಫ್ 4.846 ಇದ್ದದ್ದು 665.5 ಆಗಿದೆ! ಅಂದಾಜುಗಳು ಒಂದಿಷ್ಟೂ ಬದಲಾಗಿಲ್ಲ, ಉಳಿಕೆಯೂ ಅದೇ. ಆಗಿದ್ದಿಷ್ಟೇ: ಮೊದಲು "ಎಲ್ಲಕ್ಕೂ ಒಂದೇ ಸರಾಸರಿ" ಅನ್ನುವ ಮಾಡೆಲ್ ಜೊತೆ ಹೋಲಿಸುತ್ತಿತ್ತು, ಈಗ "ಎಲ್ಲ ಗಿಡದ ತೂಕವೂ ಸೊನ್ನೆ" ಅನ್ನುವುದರ ಜೊತೆ ಹೋಲಿಸುತ್ತಿದೆ. ಗಿಡಕ್ಕೆ ತೂಕ ಇದೆ ಅಂತ ಸಾಬೀತು ಮಾಡಿ ಯಾರಿಗೆ ಏನು ಲಾಭ? ಈ 0.98 ನೋಡಿ ಒಬ್ಬರು ನನ್ನ ಎದುರೇ ಹಿಗ್ಗಿದ್ದರು, ಹೇಳುವುದಕ್ಕೆ ಮನಸ್ಸು ಬರಲಿಲ್ಲ.

ಇಂಟರ್‌ಸೆಪ್ಟ್ ಇಟ್ಟುಕೊಂಡು ಮೂರು ಡಮ್ಮಿಯನ್ನೂ ಹಾಕಿದರೆ ಇನ್ನೊಂದು ಥರದ ತೊಂದರೆ. ಮೂರು ಕಾಲಂ ಕೂಡಿಸಿದರೆ ಎಲ್ಲ ಕಡೆ 1, ಅದು ಇಂಟರ್‌ಸೆಪ್ಟ್‌ನ ಕಾಲಂ ಕೂಡ ಹೌದು. ಒಂದೇ ಸುದ್ದಿ ಎರಡು ಸಲ ಹೇಳಿದಂತೆ. ಆರ್ ಒಂದನ್ನು ಕೈಬಿಟ್ಟು ಆ ಸಾಲನ್ನು ಖಾಲಿ ತೋರಿಸುತ್ತದೆ.

ಗೊಂದಲರಾಯ ಬರೆದದ್ದು:

ರಿಲೆವೆಲ್ ಮಾಡಿದೆ, 0.865 ಕಣ್ಣೆದುರು ಬಂತು, ಎಫ್ ಅಲ್ಲಾಡಲಿಲ್ಲ. ಇಂಟರ್‌ಸೆಪ್ಟ್ ತೆಗೆದು ಆ 665.5 ಕೂಡ ನೋಡಿ ಬಂದೆ. ನೀವು ಹೇಳಿರದಿದ್ದರೆ ನಾನೂ ಹಿಗ್ಗುತ್ತಿದ್ದೆ.

ಕೊನೆಯದಾಗಿ ಒಂದು, ಆಮೇಲೆ ಬಿಡುತ್ತೇನೆ. ಬರೀ ಎರಡು ಗುಂಪಿದ್ದರೆ ಅವುಗಳ ಸರಾಸರಿ ಹೋಲಿಸುವ ಟಿ-ಟೆಸ್ಟ್ ಕೂಡ ಇದೇ ಕುಟುಂಬ ಅಲ್ವಾ? ಒಂಬತ್ತರಲ್ಲಿ ಎ ಮತ್ತು ಬಿ ಮಾತ್ರ ಇಟ್ಟು ನೋಡಿದೆ. ಅನೋವಾದ ಎಫ್ 37.5. ಟಿ-ಟೆಸ್ಟ್‌ನ ಟಿ 6.124, ಅದರ ವರ್ಗ 37.5. ಸಖತ್. ಅದೇ ಹುಮ್ಮಸ್ಸಿನಲ್ಲಿ ಗಿಡಗಳಿಗೂ ಮಾಡಿದೆ, ಕಂಟ್ರೋಲ್ ಮತ್ತು ಮೊದಲ ಟ್ರೀಟ್‌ಮೆಂಟ್ ಮಾತ್ರ. ಟಿ 1.19 ಬಂತು. ಆದರೆ ರಿಗ್ರೆಷನ್ ಪರದೆಯಲ್ಲಿ ಅದೇ ಜೋಡಿಗೆ ಟಿ −1.33 ಇತ್ತು. ಚಿಹ್ನೆ ಬಿಡಿ, ಯಾರಿಂದ ಯಾರನ್ನು ಕಳೆದೆವು ಅನ್ನುವುದಷ್ಟೇ. ಸಂಖ್ಯೆ ಯಾಕೆ ಬೇರೆ?

ಹಳೇಪೆನ್ಸಿಲ್ ಬರೆದದ್ದು:

ಅಂತರ ಎರಡರಲ್ಲೂ 0.371. ಬೇರೆ ಆಗಿರುವುದು ಕೆಳಗಿನ ಭಾಜಕ. ನಿಮ್ಮ ಟಿ-ಟೆಸ್ಟ್ ಆ ಎರಡು ಗುಂಪಿನ 20 ಗಿಡ ನೋಡಿ ಚದುರಿಕೆ ಎಷ್ಟು ಅಂತ ಲೆಕ್ಕ ಹಾಕಿತು, ಸ್ಟ್ಯಾಂಡರ್ಡ್ ಎರರ್ 0.311 ಆಯಿತು. ರಿಗ್ರೆಷನ್ ಹೋಲಿಸಿದ್ದು ಎರಡೇ ಗುಂಪನ್ನಾದರೂ ಚದುರಿಕೆಯ ಅಂದಾಜಿಗೆ ಮೂರನೇ ಗುಂಪಿನ ಹತ್ತು ಗಿಡಗಳನ್ನೂ ಬಳಸಿಕೊಂಡಿತು, ಅದಕ್ಕೇ 0.2788. ಮೂರೂ ಗುಂಪಿನ ಚದುರಿಕೆ ಒಂದೇ ಅಂತ ಅದು ನಂಬಿಕೊಂಡಿದೆ, ಅನೋವಾ ಕೂಡ ಅದನ್ನೇ ನಂಬಿಕೊಂಡಿದೆ.

ನಿಮ್ಮ ಗಿಡಗಳ ಸ್ಟ್ಯಾಂಡರ್ಡ್ ಡೀವಿಯೇಷನ್ (ಚದುರಿಕೆಯ ಅಳತೆ) 0.583, 0.794, 0.443. ಮೂರನೇ ಗುಂಪು ಎಲ್ಲರಿಗಿಂತ ಅಚ್ಚುಕಟ್ಟು, ಅದು ಸೇರಿದ ಮೇಲೆ ಒಟ್ಟು ಚದುರಿಕೆ ಕಡಿಮೆ ಕಂಡಿತು, ಟಿ ಏರಿತು. ಗುಂಪಿಗೆ ಹತ್ತೇ ಗಿಡ ಇರುವಾಗ ಇಷ್ಟು ಏರುಪೇರು ಸಾಮಾನ್ಯ, ನಾನಾದರೆ ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅನುಮಾನ ಇದ್ದರೆ ವೆಲ್ಚ್ ಅನೋವಾ ಮಾಡಿ, ಅದು ಚದುರಿಕೆ ಸಮ ಇರಬೇಕು ಅಂತ ಕೇಳುವುದಿಲ್ಲ. ಅಂದ ಹಾಗೆ ಆರ್‌ನ ಟಿ-ಟೆಸ್ಟ್ ನೀವು ಹೇಳದಿದ್ದರೂ ವೆಲ್ಚ್ ದಾರಿಯನ್ನೇ ಹಿಡಿಯುತ್ತದೆ, ಡಿಗ್ರೀಸ್ ಆಫ್ ಫ್ರೀಡಂ ಜಾಗದಲ್ಲಿ 18 ಇರದೆ 16.5 ಅಂತ ವಿಚಿತ್ರ ಸಂಖ್ಯೆ ಇರಬೇಕು, ನೋಡಿ.

ಗೊಂದಲರಾಯ ಬರೆದದ್ದು:

16.524. ಇದೆ.